ಸೂಜಿಯ ಮುರಿದ ತುದಿ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಹೊಲಿದು ಊರಿಗೆ ಮರಳಿದ ಬಸವರಾಜೇಶ್ವರಿ ಜತೆಗೆ ತಂದದ್ದು ಒಂದು ಬೆನ್ನುನೋವು, ಒಂದು ಹಟ. ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗಬೇಕು. ಅವನ್ನು ಕಾಗದದ ಮೇಲೆ ಜೋಡಿಸಿ, ಟೇಪು ಅಂಟಿಸಿ, ಪೂರಾ ಸೂಜಿಯಾಯಿತು ಎಂದ ಮೇಲೇ ಮೆಷಿನ್ನು ತಿರುಗಬೇಕು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಇಂಥ ಮಡಿ ಹೊಸದು. ನಗುವವರು ನಕ್ಕರು. ಆದರೂ ಮಾಲೀಕ ಗಿರೀಶ್ ತನ್ನ ಹನ್ನೆರಡು ಮೆಷಿನ್ನುಗಳ ಉಸ್ತುವಾರಿಯನ್ನು ಆಕೆಗೇ ಒಪ್ಪಿಸಿದ್ದ. ಆಕೆಯ ಮನೆ ನಡೆಯುತ್ತಿದ್ದುದೂ ಆ ಕೆಲಸದಿಂದಲೇ.

ಆ ಮಧ್ಯಾಹ್ನ ತಿಪ್ಪಮ್ಮನ ಸೂಜಿ ಮುರಿಯಿತು. ತುದಿ ಸಿಗಲಿಲ್ಲ. ಮುಂದೆ ಅವಳು ಹೊಲಿದ ಮಕ್ಕಳ ಪ್ಯಾಂಟು ನಲವತ್ತು, ಯಾವುದರಲ್ಲಿ ಸೇರಿತೋ ತಿಳಿಯದು; ಬಾಗಿಲಲ್ಲಿ ಬಳ್ಳಾರಿಗೆ ಹೊರಟ ಲಾರಿ.

"ಎಳ್ಳಿನಷ್ಟು ಚೂರಿಗೆ ಲಾರಿ ನಿಲ್ಲಿಸ್ತೀರೇನಕ್ಕಾ?" ಎಂದ ಗಿರೀಶ್.

ಇಸ್ತ್ರಿ ಮಾಡುತ್ತಿದ್ದ ಮಾರೇಶ ತಲೆಯೆತ್ತಿದ. "ಚೂರಂದ್ರ ಹಗುರ ಅಲ್ರೀ. ಪೇಪರ್‌ನ್ಯಾಗ ಬಂದೈತಿ. ಆಕಾಶದಾಗ ಕೆಟ್ಟುಹೋದ ಉಪಗ್ರಹದ ಚೂರು ಲಕ್ಷಗಟ್ಲೆ ತಿರುಗ್ತಾವಂತ, ಬಂದೂಕಿನ ಗುಂಡಿಗಿಂತ ಜೋರಾಗಿ. ಒಂದು ಬಡಿದ್ರ ಕೆಲಸ ಮಾಡೋ ಉಪಗ್ರಹಾನೂ ಹಾಳು. ಟಿವಿ, ಮಳಿ ಸುದ್ದಿ ಎಲ್ಲಾ ಬಂದ್. ಅದು ಒಡೆದ್ರ ಮತ್ತ ಸಾವಿರ ಚೂರು."

"ಹೆಕ್ಕದಂಗ ಬಿಟ್ಟೋರು ಯಾರೋ?" ಎಂದಳು ಬಸವರಾಜೇಶ್ವರಿ.

"ಕೆಲಸ ಮುಗೀತು, ಬಿಟ್ರು. ದೊಡ್ಡ ಚೂರು ಕಾಣ್ತಾವಂತ, ಉಪಗ್ರಹಾನ ಪಕ್ಕಕ್ಕ ಸರಸ್ತಾರಂತ. ಸಣ್ಣವು ಕಾಣಂಗೇ ಇಲ್ಲ."

"ಅಲ್ಲಿ ಸೂಪರ್‌ವೈಜರ್ ಇರಲಿಲ್ಲೇನು?"

ಎಲ್ಲರೂ ಗೊಳ್ಳೆಂದರು. ಆಕೆ ನಗಲಿಲ್ಲ. ಇಷ್ಟು ಮನೆಗಳ ಟಿವಿ ನಡೆಸುತ್ತ ತನ್ನ ಪಾಡಿಗೆ ತಾನು ದುಡಿಯುವ ಯಂತ್ರ, ಯಾರೋ ಬಿಟ್ಟ ಚೂರಿಗೆ ಹಾಳಾಗಬೇಕೆ? ಅದರ ಮೇಲೆ ಆಕೆಗೆ ನಿಜಕ್ಕೂ ಕನಿಕರವೆನಿಸಿತು. ಮೊದಲ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ತಡವತೊಡಗಿದಳು.

"ಮಾಲು ಬಿಟ್ಟು ಲಾರಿ ಹೋದ್ರ ನಾಳಿಂದ ನೀವು ಬರಬ್ಯಾಡ್ರಿ," ಎಂದ ಗಿರೀಶ್.

"ಆಗ್ಲಿರಿ," ಎಂದಳು. ಮನೆಗೆ ಹೋಗಿ ಏನು ಹೇಳುವುದೋ ಹೊಳೆಯಲಿಲ್ಲ. ಕೈ ಮಾತ್ರ ಮುಂದಿನ ಪ್ಯಾಂಟಿಗೆ ಹೋಯಿತು. ಲಾರಿ ಕಾದು ಕಾದು ಹೊರಟೇಹೋಯಿತು.

ಮೂವತ್ತೊಂದನೆಯ ಪ್ಯಾಂಟಿನ ಸೊಂಟಪಟ್ಟಿಯ ಮೇಲೆ ಆಕೆಯ ಹೆಬ್ಬೆರಳು ನಿಂತಿತು. ಆ ಪ್ಯಾಂಟನ್ನು ಗಿರೀಶನ ಕೈಗಿಟ್ಟಳು.

"ಎಲ್ಲೈತಿ? ಏನೂ ಕಾಣವಲ್ದು," ಎನ್ನುತ್ತ ಒಳಗೆ ಬೆರಳಾಡಿಸಿದವನು ಚಟ್ಟನೆ ಕೈ ಹಿಂದೆಳೆದುಕೊಂಡ. ಬೆರಳಲ್ಲಿ ರಕ್ತ ಜಿನುಗಿತ್ತು. ಅದು ನಾಲ್ಕು ವರ್ಷದ ಮಗುವಿನ ಅಳತೆಯ ಪ್ಯಾಂಟು. ಅವನ ಮಗಳಿಗೂ ನಾಲ್ಕು.

ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ. "ಹೋದ ವಾರದ ಮಾಲಿನ್ಯಾಗೂ ಎರಡು ಸೂಜಿ ಮುರಿದಿದ್ವಕ್ಕಾ," ಎಂದ. "ನೀವು ರಜಾದಾಗಿದ್ರಿ. ಚೂರು ಹುಡುಕದಂಗ ನಾನ ಕಳಿಸಿಬಿಟ್ಟೆ."