ಐತ್ತಪ್ಪನ ಎಡಗೈಗೆ ತಂದ ವಾಚು

ಪೆರ್ಲದ ಜೀಪ್ ಸ್ಟ್ಯಾಂಡಿನಲ್ಲಿ ಐತ್ತಪ್ಪನ ವಾಚಿಗಿದ್ದ ಮರ್ಯಾದೆ ಬಸ್ಸಿನ ಟೈಮಿಗೂ ಇರಲಿಲ್ಲ. ಅವನ ಕೈ ನೋಡಿಯೇ ಉಳಿದವರು ಜೀಪು ಬಿಡುತ್ತಿದ್ದರು. ಅಂಥವನಿಗೆ ೨೦೧೨ರ ಮಳೆಗಾಲ ಮುಗಿಯುವಾಗ ಪಕ್ಷವಾತ ಬಡಿಯಿತು. ಕಾಲು ಬೇಗ ಸರಿಯಾಯಿತು. ನಾಲಗೆಗಂತೂ ಏನೂ ಆಗಿರಲಿಲ್ಲ. ಎಡಗೈ ಮಾತ್ರ ಸೋತಿತು. ಗೇರು ಹಾಕುವ ಕೈ ಅದು. ಅದು ಬಾರದಿದ್ದರೆ ಜೀಪು ಮಾರುವುದೇ.

ಕೈಯನ್ನು ದಿನವೂ ಆಡಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಐತ್ತಪ್ಪ ಆಡಿಸಿದರೆ ತಾನೇ? ಬೀಡಿ ಕಟ್ಟುತ್ತ ಹೆಂಡತಿ ಲೋಲಾಕ್ಷಿ ಎದುರಿಗೆ ಕೂತಿದ್ದರೆ ನಾಲ್ಕು ಸಲ ಎತ್ತುವುದು, ಅವಳು ದನದ ಹಟ್ಟಿಗೆ ಹೋದೊಡನೆ ಕೈಯನ್ನು ಮಡಿಲಲ್ಲಿ ಮಲಗಿಸುವುದು. ಸೋಮಾರಿತನವಲ್ಲ, ಹೆದರಿಕೆ. ಎತ್ತಿದ ಕೈ ಅರ್ಧಕ್ಕೇ ಬೀಳುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಹಾಗೆ ಬಿದ್ದ ಕೈ ಒಂದು ದಿನ ಗೋಡೆಗೆ ಬಡಿದು ವಾಚು ಒಡೆಯಿತು.

ಹೊಸದು ಕೊಳ್ಳಲು ಲೋಲಾಕ್ಷಿ ನನ್ನನ್ನು ಉಪ್ಪಳಕ್ಕೆ ಕರೆದುಕೊಂಡು ಹೋದಳು. ನಾನು ನೆರೆಮನೆಯವನು, ಮೇಲಾಗಿ ಶಾಲೆ ಮಾಷ್ಟ್ರು. ವಾಚಿನ ಬಗ್ಗೆಯೂ ಗೊತ್ತಿದ್ದೀತೆಂದು ಅವಳ ಲೆಕ್ಕ.

ಅಂಗಡಿಯ ಕೃಷ್ಣಕುಮಾರ ಎರಡು ವಾಚು ಮುಂದಿಟ್ಟ, ಒಂದು ಕಪ್ಪು, ಒಂದು ನೀಲಿ. ಎರಡೂ ದಪ್ಪ ಗಾಜಿನ ಗಟ್ಟಿ ಆಸಾಮಿಗಳು. ಗೋಡೆಗೆ ಬಡಿದರೂ ನೀರಿಗೆ ಬಿದ್ದರೂ ಏನೂ ಆಗದು. ಬ್ಯಾಟರಿ ಇಲ್ಲ, ಕೈ ಆಡಿದರೆ ಓಡುತ್ತವೆ.

"ಮತ್ತೆ ವ್ಯತ್ಯಾಸ ಎಂತ?" ಲೋಲಾಕ್ಷಿ ಕೇಳಿದಳು.

"ನೀಲಿಗೆ ಕೀ ಕೊಡ್ಲಿಕ್ಕೂ ಆಗ್ತದೆ ಅಕ್ಕ, ಸುಮ್ಮನೆ ಕೂತವರ ಕೈಯಲ್ಲೂ ಓಡ್ತದೆ. ಕಪ್ಪಿಗೆ ಆ ಸೌಕರ್ಯ ಇಲ್ಲ. ಕೈ ಆಡದಿದ್ರೆ ಎರಡು ದಿನದಲ್ಲಿ ನಿಲ್ತದೆ."

ನಾನು ನೀಲಿಯನ್ನು ಅವಳತ್ತ ಸರಿಸಿದೆ. ಅವಳು ಕಪ್ಪನ್ನು ಎತ್ತಿಕೊಂಡಳು.

"ಇದೇ ಆಗ್ಬೇಕು ಮಾಷ್ಟ್ರೇ. ನಾನು ಹೇಳಿದ್ರೆ ಕೈ ಎತ್ತುದಿಲ್ಲ ಅವರು. ಆದರೆ ನಿಂತ ವಾಚು ಕಟ್ಟಿಕೊಂಡು ಕೂರುವ ಜನ ಅಲ್ಲ."

ನಾನು ನೀಲಿಯನ್ನು ಕೃಷ್ಣಕುಮಾರನ ಕಡೆಗೆ ಹಿಂದೆ ಸರಿಸಿದೆ.

ಮೊದಲ ವಾರ ವಾಚು ಚೆನ್ನಾಗಿ ಓಡಿತು, ಕೈ ಮಾತ್ರ ಇದ್ದಲ್ಲೇ ಇತ್ತು. ನೋಡಿದರೆ ಈ ಮಹಾಶಯ ವಾಚನ್ನು ಬಿಚ್ಚಿ, ಬಲಗೈಯಲ್ಲಿ ಹಿಡಿದು ಔಷಧಿ ಬಾಟ್ಲಿಯಂತೆ ಕುಲುಕಿಸುತ್ತಿದ್ದ. ಲೋಲಾಕ್ಷಿ ಬೈಯಲಿಲ್ಲ. ವಾಚಿನ ಕೊಂಡಿಗೆ ಬೀಡಿ ನೂಲು ಸುತ್ತಿ ಗಂಟು ಹಾಕಿದಳು. ಆಮೇಲೆ ವಾಚು ಆಗಾಗ ನಿಂತಿತು. ಐತ್ತಪ್ಪ ಅದನ್ನು ನೋಡಿ ರೇಗುತ್ತಿದ್ದ, ರೇಗಿ ಕೈ ಎತ್ತುತ್ತಿದ್ದ.

ಬೇಸಿಗೆಯಲ್ಲಿ ಅವಳು ತಾಯಿಯನ್ನು ನೋಡಲು ಸೀತಾಂಗೋಳಿಗೆ ಹೋಗಿ ಮೂರು ದಿನ ಬಿಟ್ಟು ಬಂದಳು. ಬಂದವಳೇ ವಾಚು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ನೂಲು ತುಂಡಾಗಿತ್ತು, ಮುಳ್ಳು ನಿಂತಿತ್ತು.

"ಮೇಜಿನ ಮೇಲೆ ಬಿದ್ದಿತ್ತು. ಶೆಡ್ಡಿನಲ್ಲಿ ಜೀಪೂ ಇಲ್ಲ. ಮಾರಿದ್ರು ಕಾಣ್ತದೆ ಮಾಷ್ಟ್ರೇ," ಎಂದು ಕೂತು ಅತ್ತಳು.

ಅಷ್ಟರಲ್ಲಿ ಕೆಳಗಿನ ಏರಿನಲ್ಲಿ ಜೀಪಿನ ಸದ್ದು ಕೇಳಿತು. ತಿರುವಿನಲ್ಲಿ ಗೇರು ಒಮ್ಮೆ ಕರಕರ ಎಂದು, ಆಮೇಲೆ ಬಿತ್ತು. ಜೀಪು ಬಂದು ನಿಂತಾಗ ಒಳಗೆ ಐತ್ತಪ್ಪನೊಬ್ಬನೇ ಇದ್ದ.

"ವಾಚು ಯಾಕೆ ಬಿಚ್ಚಿದ್ದು?" ಎಂದಳು ಲೋಲಾಕ್ಷಿ.

"ಗೇರು ಹಾಕುವಾಗ ಭಾರ ಮಾರಾಯ್ತಿ."

ಆ ವಾಚು ಅಂದಿನಿಂದ ಲೋಲಾಕ್ಷಿಯ ಕೈಯಲ್ಲಿದೆ. ಗಂಡಸರ ದೊಡ್ಡ ವಾಚು, ಅವಳಿಗೆ ಒಪ್ಪುವುದಿಲ್ಲ. ಹಟ್ಟಿ, ಅಡಿಗೆ, ಬೀಡಿ ಎಂದು ಆ ಕೈಗೆ ಬಿಡುವಿಲ್ಲ. ಅದೊಮ್ಮೆ ನಿಲ್ಲುವಷ್ಟು ಹೊತ್ತು ಅವಳು ಸುಮ್ಮನೆ ಕೂರಲಿ ಎಂದು ನನಗೆ ಆಸೆ. ಈವರೆಗೆ ನಿಂತಿಲ್ಲ.