ಅಕ್ಕನ ಪಾಲಿನ ಗುಳಿಗೆ

ನನ್ನ ಅಕ್ಕ ಗಂಗಿ ಸುಳ್ಳು ಹೇಳುವುದರಲ್ಲಿ ಬಹಳ ಹಿಂದೆ. ಬದನೆಕಾಯಿಯೊಳಗೆ ಹುಳ ಇರಬಹುದು ಅನ್ನಿಸಿದರೆ ಕುಮಟೆಯ ಪೇಟೆಯಲ್ಲಿ ಗಿರಾಕಿಗೆ ಅವಳೇ ಮೊದಲು ಹೇಳಿಬಿಡುತ್ತಾಳೆ. ಹಾಗೆ ಹೇಳಿ ವ್ಯಾಪಾರ ಕೆಡಿಸಿಕೊಂಡದ್ದಕ್ಕೆ ನಾನೇ ಎಷ್ಟೋ ಸಲ ರೇಗಿದ್ದೇನೆ. ಅಂಥವಳು ಬದುಕಿನಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದಳು. ಅದನ್ನೂ ನನಗೇ ಹೇಳಿದಳು.

ಅಘನಾಶಿನಿಯ ಹತ್ತಿರ ನಮ್ಮದು ಎರಡು ತುಂಡು ಗದ್ದೆ, ಒಂದು ತರಕಾರಿ ಹಿತ್ತಲು. ಗಂಡ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದು ಹಿತ್ತಲು ನೋಡಿಕೊಂಡಳು. ನಮ್ಮ ಅಪ್ಪ ಹಮ್ಮ ಗೌಡ ಮೂವತ್ತೊಂಬತ್ತನೇ ವರ್ಷದಲ್ಲಿ ಗದ್ದೆ ಉಳುತ್ತಿದ್ದಾಗಲೇ ಎದೆ ಹಿಡಿದು ಕೂತವನು, ಮತ್ತೆ ಏಳಲಿಲ್ಲ. ಅಜ್ಜನೂ ದೊಡ್ಡಪ್ಪನೂ ನಲವತ್ತು ಕಾಣದೆ ಹೀಗೇ ಹೋದವರು. ಅಪ್ಪನ ಮೊಣಕೈಯಲ್ಲಿ, ಹಿಮ್ಮಡಿಯ ಮೇಲೆ ಹಳದಿ ಗಂಟುಗಳಿದ್ದವು. ಅವು ಅಕ್ಕನಿಗೂ ಬಂದವು, ನನಗೂ ಬಂದವು.

೧೯೬೧ರಲ್ಲಿ ಹರಿಹರ ಡಾಕ್ಟರು ಬಂದರು. ಮೂಲ ಕುಮಟೆಯವರೇ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಹುಟ್ಟಿನಿಂದಲೇ ಹೆಚ್ಚಿರುವ ಮನೆತನಗಳನ್ನು ಹುಡುಕುತ್ತಿದ್ದರು. ಹಳದಿ ಗಂಟು ಅದರದೇ ಗುರುತು, ಸಣ್ಣ ವಯಸ್ಸಿಗೇ ಎದೆ ನಿಲ್ಲುವುದೂ ಅದರಿಂದಲೇ ಎಂದರು. ಹೊಸದೊಂದು ಗುಳಿಗೆ ಅದನ್ನು ಎಷ್ಟು ಇಳಿಸುತ್ತದೆ ಎಂದು ಪರೀಕ್ಷೆ ಮಾಡಬೇಕಿತ್ತು. ಮೂರು ತಿಂಗಳಿಗೊಮ್ಮೆ ಬಂದು ರಕ್ತ ತೆಗೆದುಕೊಂಡು, ಗುಳಿಗೆಯ ಡಬ್ಬಿ ಕೊಟ್ಟು ಹೋಗುವುದು ಅವರ ಕ್ರಮ. ಎದೆನೋವು ಆಗಲೇ ಶುರುವಾಗಿದ್ದ ಅಕ್ಕ ಹೆಸರು ಬರೆಸಿದಳು. ನಾನು ಆ ದಿನ ಉದ್ದ ತೋಳಿನ ಅಂಗಿ ತೊಟ್ಟು, ನನಗೇನೂ ಇಲ್ಲ ಎಂದೆ. ನನ್ನ ಮಾಸ್ತರಿಕೆ ಇನ್ನೂ ಕಾಯಂ ಆಗಿರಲಿಲ್ಲ. ರೋಗಿಷ್ಠ ಎಂದು ಎಲ್ಲಾದರೂ ದಾಖಲಾದರೆ ನೌಕರಿ ಹೋದೀತೆಂಬ ಹೆದರಿಕೆ. ಸೂಜಿಯ ಹೆದರಿಕೆಯೂ ಇತ್ತು, ಮುಚ್ಚಿಟ್ಟು ಏನು ಪ್ರಯೋಜನ.

ಮರುದಿನ ಗಂಜಿ ಉಣ್ಣುವಾಗ ಅಕ್ಕ ಒಂದು ಗುಳಿಗೆ ನನ್ನ ಕಡೆ ತಳ್ಳಿದಳು.

"ಡಾಕ್ಟ್ರು ಹೊತ್ತಿಗೆ ಒಂದೇ ತಿನ್ನುಕೆ ಹೇಳಿದ್ರು, ಕೊಟ್ಟದ್ದು ಮಾತ್ರ ದುಪ್ಪಟ್ಟು. ಸುಮ್ನೆ ಹಾಳಾಗುದೆಂತಕ್ಕೆ? ನೀ ತಿನ್ನು, ಕುಪ್ಪ."

ತಿಂದೆ. ಸ್ವಲ್ಪ ಹೊತ್ತಿಗೆ ಮುಖ, ಕಿವಿ, ಕುತ್ತಿಗೆಯೆಲ್ಲ ಕೆಂಪೇರಿ, ಮೆಣಸಿನಪುಡಿ ಹಚ್ಚಿದ ಹಾಗೆ ಉರಿಯಿತು. ಅಕ್ಕನ ಮುಖವೂ ಹಾಗೇ ಆಗಿತ್ತು. ಈ ಮದ್ದಿಗೆ ಹಾಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಅರ್ಧ ತಾಸಿನಲ್ಲಿ ಇಳಿಯಿತು. ಹೀಗೆ ಆರು ತಿಂಗಳು ಸೂಜಿಯೂ ಇಲ್ಲದೆ ಹೆಸರೂ ಇಲ್ಲದೆ ಮದ್ದು ತಿಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರು ಹೇಳದೆ ಕೇಳದೆ ಮನೆಗೇ ಬಂದರು. ನಾವಿಬ್ಬರೂ ಆಗಷ್ಟೇ ಗುಳಿಗೆ ನುಂಗಿದ್ದೆವು. ಅವರು ಜಗಲಿಯಲ್ಲಿ ಕೂತು ಅಕ್ಕನಿಗೆ ಹೇಳಿದರು:

"ಗಂಗೀ, ಉಳಿದವ್ರ ರಕ್ತದಲ್ಲಿ ಕೊಬ್ಬು ಇಳಿದದೆ. ನಿಂದು ಇದ್ದಲ್ಲೇ ಅದೆ. ನಿಂಗೆ ಈ ಮದ್ದು ಹಿಡಿಯುದಿಲ್ಲ ಕಾಣ್ತದೆ. ಪಟ್ಟಿಯಿಂದ ಹೆಸರು ತೆಗೀಬೇಕಾಗ್ತದೆ."

ನಾನು ಅವರಿಗೆ ಬೆಲ್ಲ ನೀರು ತಂದುಕೊಟ್ಟೆ. ಲೋಟ ತೆಗೆದುಕೊಳ್ಳುತ್ತ ಅವರು ನನ್ನ ಮುಖ ನೋಡಿದರು. ಆಮೇಲೆ ಅಕ್ಕನ ಮುಖ ನೋಡಿದರು. ಎರಡೂ ಒಂದೇ ಸಮ ಕೆಂಪಾಗಿದ್ದವು.

"ಮಾಸ್ತರೇ, ನೀವೆಂತ ತಿಂದ್ರಿ?"

"ಹೆಚ್ಚಾದ ಗುಳಿಗೆ," ಎಂದೆ.

"ಹೆಚ್ಚಾದದ್ದು ಎಲ್ಲಿಂದ ಬಂತು? ಹೊತ್ತಿಗೆ ಎರಡು ಅಂತಲೇ ಕೊಟ್ಟದ್ದು. ಅರ್ಧ ತಿಂದ್ರೆ ಉಪಯೋಗ ಇಲ್ಲ ಅಂತ ಹೋದ ಸಲವೂ ಒತ್ತಿ ಹೇಳಿದ್ದೆ. ಹೌದಾ ಅಲ್ವಾ ಗಂಗೀ?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ಎಂತಕ್ಕೆ ಹಿಂಗೆ ಮಾಡ್ದೆ ಅಕ್ಕ?"

"ಮತ್ತೆಂತ ಮಾಡುದು? ಅಪ್ಪನ ಗಂಟು ಇಬ್ರಿಗೂ ಬಂದದೆ. ಮದ್ದು ಮಾತ್ರ ನಾನೊಬ್ಳೇ ತಿನ್ನುದಾ? ನೀ ಹೆದರುಪುಕ್ಕ, ಹೆಸರು ಬರೆಸುದಿಲ್ಲ ಅಂತ ನಂಗೆ ಗೊತ್ತಿತ್ತು." ಮತ್ತೆ ಡಾಕ್ಟರ ಕಡೆ ತಿರುಗಿದಳು. "ನನ್ನ ಹೆಸರು ತೆಗೀರಿ, ಅಡ್ಡಿಲ್ಲ. ಆ ಜಾಗದಲ್ಲಿ ಇವಂದು ಬರೀರಿ."

ಮಕ್ಕಳನ್ನು ಗದರಿಸಿ ಕೂರಿಸುವ ಮಾಸ್ತರ ನಾನು, ಡಾಕ್ಟರ ಎದುರಿಗೇ ಅತ್ತುಬಿಟ್ಟೆ. ಅಂಗಿಯ ತೋಳು ಮಡಚಿ ಕೈ ಚಾಚಿದೆ. ಅವರು ಮೊಣಕೈಯ ಗಂಟು ಒತ್ತಿ ನೋಡಿ, ಏನೂ ಬೈಯದೆ ರಕ್ತ ತೆಗೆದುಕೊಂಡರು. ಮುಂಬಯಿಗೆ ಬರೆದು ಇನ್ನೊಬ್ಬರಿಗಾಗುವಷ್ಟು ಮದ್ದು ತರಿಸಿದರು. ಅಕ್ಕನ ಆರು ತಿಂಗಳ ಪರೀಕ್ಷೆಯನ್ನು ಪೂರ್ತಿ ಕೈಬಿಟ್ಟು, ಅವಳದ್ದನ್ನೂ ನನ್ನ ಜೊತೆಗೆ ಹೊಸದಾಗಿ ಶುರು ಮಾಡಿದರು.

ಇದೆಲ್ಲ ಆಗಿ ಏಳು ವರ್ಷವಾಯಿತು. ನೌಕರಿ ಹೋಗಲಿಲ್ಲ, ಕಾಯಂ ಆಯಿತು. ನನಗೀಗ ನಲವತ್ತೊಂದು. ನಮ್ಮ ಮನೆಯ ಗಂಡಸರಲ್ಲಿ ಈ ವಯಸ್ಸು ಕಂಡವನು ನಾನೊಬ್ಬನೇ. ಹರಿಹರ ಡಾಕ್ಟರನ್ನು ನೆನೆಯದೆ ನಾನು ಊಟಕ್ಕೆ ಕೂರುವುದಿಲ್ಲ. ಅಕ್ಕನನ್ನು ನೆನೆಯುವ ಪ್ರಶ್ನೆಯಿಲ್ಲ, ಬಡಿಸುವವಳೇ ಅವಳು.

ಅವಳ ರಕ್ತದಲ್ಲೂ ಕೊಬ್ಬು ಇಳಿದಿದೆ. ಈಗಲೂ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾಳೆ. ದಾರಿಯಲ್ಲಿ ಎರಡು ಕಡೆ ಕೂತು ಎದೆ ನೀವಿಕೊಳ್ಳಬೇಕು, ಅಷ್ಟೆ. ಆ ಆರು ತಿಂಗಳು ಗುಳಿಗೆಯೆಲ್ಲ ಅವಳೇ ತಿಂದಿದ್ದರೆ ಒಂದು ಕಡೆ ಕೂತರೆ ಸಾಕಾಗುತ್ತಿತ್ತೋ ಏನೋ. ಡಾಕ್ಟರನ್ನು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.