ಅಪ್ಪಾಸಾಹೇಬ ಕಾಕಾನ ಕಿಟಕಿಗಳು

ಅಪ್ಪಾಸಾಹೇಬ ಕಾಕಾ ಯಾವ ಬಾಗಿಲು ದಾಟುವಾಗಲೂ ಮೊದಲು ಬಲಗೈಯನ್ನು ಮುಂದೆ ಚಾಚಿ, ಬೆರಳುಗಳ ಹಿಂಬದಿಯಿಂದ ಗಾಳಿಯನ್ನು ಮುಟ್ಟಿ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಾದರೂ ಅಷ್ಟೇ, ಬಸ್ಸಿನ ಬಾಗಿಲಾದರೂ ಅಷ್ಟೇ. ಎದುರಿಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕಾಲು ಮುಂದಿಡುವುದು. ಮೊದಲ ಸಲ ಅದನ್ನು ಕಂಡಾಗ ನಾನು ಯಾವುದೋ ವ್ರತವಿರಬೇಕು ಅಂದುಕೊಂಡೆ. ಅವರು ಜೈನರು. ಹಾರುವ ಹುಳಕ್ಕೂ ಪೆಟ್ಟಾಗಬಾರದೆಂಬ ನೇಮ ಇದ್ದರೂ ಇದ್ದೀತು. ಕೇಳಿದ್ದಕ್ಕೆ ಕಾಕಾ ನಕ್ಕರು.

“ನೇಮ ಗೀಮ ಏನಿಲ್ಲ ಯವ್ವಾ. ಒಮ್ಮೆ ನಾನ ಹೊಲಿದ ಕಿಟಕಿಗೆ ನಾನ ಮೂಗ ಜಜ್ಜಿಕೊಂಡೇನಿ. ಅಷ್ಟ ಛಂದ ತೊಳದಿದ್ನಿ. ಅವತ್ತಿಂದ ಎದುರಿಗೆ ಏನೂ ಕಾಣಲಿಲ್ಲಂದ್ರ ಅಂಜಿಕಿ ಬರತೈತಿ.”

ಕಿಟಕಿ ಹೊಲಿಯುವುದೆಂದರೇನೆಂದು ಹೇಳಬೇಕು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಯ ಹಿನ್ನೀರಿನ ದಂಡೆಗೆ ನಮ್ಮ ಮನೆ. ನನ್ನ ಯಜಮಾನರು ಈರಣ್ಣ ಅಲ್ಲಿ ಬೋಟು ನಡೆಸುತ್ತಾರೆ. ರವಿವಾರ, ಹಬ್ಬ, ರಜೆಗಳಲ್ಲಿ ಬಂದವರನ್ನು ನೀರ ಮೇಲೆ ಒಂದು ಸುತ್ತು ಹಾಕಿಸಿ ತರುತ್ತಾರೆ. ದಂಡೆಯ ಮೇಲಿನ ಚಹಾದಂಗಡಿ ನನ್ನದು. ಬೋಟನ್ನು ಸಮುದ್ರದಂಡೆಯ ಮಾಲವಣದ ಕಡೆಯಿಂದ ತಂದಿದ್ದೆವು, ಬೇರೆಯವರು ಓಡಿಸಿ ಬಿಟ್ಟದ್ದು. ಮೇಲೆ ಮಾಡು, ಸುತ್ತಲೂ ತಾಡಪತ್ರಿಯ ಪಡದೆ, ಆ ಪಡದೆಯಲ್ಲಿ ಅಗಲವಾದ ಕಿಟಕಿಗಳು. ಕಿಟಕಿಗೆ ಗಾಜಿಲ್ಲ, ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗಾಳಿಯೋ ತುಂತುರೋ ಬಂದರೆ ಪಡದೆ ಇಳಿಬಿಡಬಹುದು, ಒಳಗೆ ಕುಳಿತವರಿಗೆ ನೀರು ಕಾಣುತ್ತಲೇ ಇರುತ್ತದೆ. ಆದರೆ ಬೋಟು ನಮ್ಮ ಕೈಗೆ ಬರುವ ಹೊತ್ತಿಗೆ ಆ ಹಾಳೆಗಳು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಒಳಗೆ ಕುಳಿತರೆ ಹೊರಗೆ ನೀರಿದೆಯೋ ಹೊಲವಿದೆಯೋ ತಿಳಿಯುತ್ತಿರಲಿಲ್ಲ.

ಹುಕ್ಕೇರಿಯಲ್ಲಿ ಆಟೋಗಳ ಮೇಲ್ಹೊದಿಕೆ ಹುಡ್ಡು, ಟ್ರ್ಯಾಕ್ಟರ್ ಸೀಟು ಹೊಲಿಯುವ ಕಾಕಾ ಇದ್ದಾರೆಂದು ಯಾರೋ ಹೇಳಿದರು, ಕರೆಸಿದೆವು. ಬಂದರು. ಬಿಳಿ ಪೈಜಾಮ, ಕೊರಳಿಗೆ ಅಳತೆಯ ಟೇಪು. ಬೋಟಿನಲ್ಲಿ ಕುಳಿತು ಒಂದೊಂದೇ ಹಾಳೆಯನ್ನು ಮೂಸಿ ನೋಡಿದರು.

“ಇದನ್ನ ಯಾರೋ ಥಿನ್ನರ್ ಹಾಕಿ ಒರಸ್ಯಾರ. ಪಾಪ,” ಅಂದರು.

ಪಾಪ ಅಂದದ್ದು ಒರೆಸಿದವರಿಗೋ, ಹಾಳೆಗೋ, ನಮಗೋ ಗೊತ್ತಾಗಲಿಲ್ಲ. ಕಾಕಾನ ಅರ್ಧ ಮಾತು ಹೀಗೆಯೇ. ನಮ್ಮ ಜೊತೆ ಕನ್ನಡ ಆಡುತ್ತಿದ್ದರು, ಕೆಲಸಕ್ಕೆ ಕುಳಿತರೆ ಹಾಳೆಯ ಜೊತೆ ಮರಾಠಿ. ನನ್ನ ತವರು ಅಂಕಲಗಿ, ನನಗೆ ಮರಾಠಿ ಅಷ್ಟಕ್ಕಷ್ಟೆ. ಬೈಯುತ್ತಿದ್ದಾರೋ ಮುದ್ದು ಮಾಡುತ್ತಿದ್ದಾರೋ ಅಂತ ಎಷ್ಟೋ ಸಲ ಚಹಾ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೇನೆ.

ಹೊಸ ಕಿಟಕಿ ಕೂಡಿಸಿ ಹೋದರೆ ಅವರ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ತಮ್ಮ ಅಂಗಡಿಗೆ ಸೂಟಿ ಇದ್ದ ಸೋಮವಾರ ಬಸ್ಸು ಹತ್ತಿ ಬಂದುಬಿಡುತ್ತಿದ್ದರು, ಕಿಟಕಿ ತೊಳೆಯುವುದಕ್ಕೆ. ನಾವು ಕರೆದಿರಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಮೊದಲು ಬಕೆಟ್ಟುಗಟ್ಟಲೆ ನೀರು ಸುರಿಯುವುದು. “ಮೊದಲ ಅದಕ್ಕ ನೀರ ಕುಡಸ್ರಿ. ಧೂಳ ತಾನ ಇಳದು ಹೋಗಲಿ.” ಆಮೇಲೆ ತೆಳ್ಳಗೆ ಸೋಪಿನ ನೀರು, ಹಳೆಯ ಧೋತರದ ಮೆತ್ತನೆಯ ತುಂಡು, ಹಗುರ ಕೈ. ಮತ್ತೆ ನೀರು. ಬಿಸಿಲೇರುವ ಮುಂಚೆಯೇ ತೊಳೆಯಬೇಕು, ನೆರಳಲ್ಲಿ ಆರಬೇಕು. ಪಡದೆ ಎತ್ತಿ ಕಟ್ಟುವಾಗ ಮಡಚಬಾರದು, ಸುರುಳಿ ಸುತ್ತಬೇಕು, ನಡುವೆ ಬಟ್ಟೆ ಇಡಬೇಕು, ಹಸಿಯಿದ್ದಾಗ ಸುತ್ತಲೇಬಾರದು. ಒಮ್ಮೆ ಈರಣ್ಣ ಅವಸರದಲ್ಲಿ ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಒರೆಸಿದರು. ಕಾಕಾ ಅಲ್ಲಿಯೇ ಕುಕ್ಕುರುಗಾಲಲ್ಲಿ ಕುಳಿತುಬಿಟ್ಟರು. ಬೆರಳಿಂದ ಒಂದೊಂದೇ ಗೀರು ಸವರಿ ನೋಡಿದರು. ಕಡೆಗೆ, “ಈರಣ್ಣಾ, ಧೂಳಂದ್ರ ಉಸುಕೋ ಮಾರಾಯಾ. ನಿನ್ನ ಗಲ್ಲಕ್ಕ ಉಸುಕು ಹಚ್ಚಿ ಟವೆಲ್ಲಿಲೆ ತಿಕ್ಕಲೇನು?” ಅಂದರು. ಅಂದಿನಿಂದ ತಮ್ಮ ಹೊರತು ಯಾರೂ ಕಿಟಕಿ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು.

ಗೋಕಾಕದಿಂದ ಮದುವೆ ಜೋಡಿಯನ್ನು ಕರೆತಂದ ಫೋಟೊದವನೊಬ್ಬ ಕ್ಯಾಮೆರಾ ಸಮೇತ ಹೊರಗೆ ಬಾಗಲು ಹೋಗಿ ಆ ಕಿಟಕಿಗೆ ಹಣೆ ತಾಗಿಸಿಕೊಂಡ. ಕಾಕಾಗೆ ಅವತ್ತು ಆದ ಆನಂದ ನಾನು ಮತ್ತೆ ಕಾಣಲಿಲ್ಲ. ಅವನಿಗೆ ಚಹಾ ತಾವೇ ಕುಡಿಸಿದರು.

ಇಷ್ಟೆಲ್ಲ ಆರೈಕೆಯಿದ್ದ ಕಿಟಕಿಗಳು ಮಂಜಾಗತೊಡಗಿದ್ದು ಮರುವರ್ಷದ ಬೇಸಿಗೆಯಲ್ಲಿ. ಮೊದಲು ಒಂದರ ಮೂಲೆಯಲ್ಲಿ, ಆಮೇಲೆ ಎಲ್ಲದರಲ್ಲೂ. ಗೀರು ಅಂದರೆ ಗೀರಲ್ಲ, ಉಸಿರು ಬಿಟ್ಟ ಕನ್ನಡಿಯ ಹಾಗೆ ಒಂದು ಮಬ್ಬು. ಕಾಕಾ ಸೋಪು ಬದಲಿಸಿದರು. ಧೋತರ ಬದಲಿಸಿದರು. ನೀರಿನ ದೋಷವೆಂದು ಮನೆಯಿಂದ ಕ್ಯಾನಿನಲ್ಲಿ ಕುಡಿಯುವ ನೀರು ಹೊತ್ತು ತಂದರು. ಮೂಡಲಗಿಯಲ್ಲಿರುವ ನನ್ನ ನಾದಿನಿ ಫೋನಿನಲ್ಲಿ, “ಚಿಮಣಿ ಎಣ್ಣಿ ಹಚ್ಚಿ ಒರಸ್ರಿ ವೈನಿ, ಥಳಥಳ ಹೊಳೀತಾವ,” ಅಂದಳು. ಅದನ್ನು ಕಾಕಾಗೆ ಹೇಳಿದ್ದೇ ತಡ, ನಾವು ಆಗಲೇ ಹಚ್ಚಿಬಿಟ್ಟಿದ್ದೇವೆಂದು ಅನುಮಾನಪಟ್ಟು, ಸೀಮೆಎಣ್ಣೆಯ ಡಬ್ಬಿ ಎಲ್ಲಿದೆ ತೋರಿಸು ಎಂದು ಮನೆಯೆಲ್ಲ ಹುಡುಕಿದರು. ನಮ್ಮಲ್ಲಿ ಇರಲೇ ಇಲ್ಲ.

ಈರಣ್ಣನಿಗೆ ಒಂದು ದಿನ ಮಬ್ಬು ಕಾಣುತ್ತಿತ್ತು, ಒಂದು ದಿನ ಕಾಣುತ್ತಿರಲಿಲ್ಲ. ತಮ್ಮ ಕಣ್ಣೇ ಕೆಟ್ಟಿರಬೇಕೆಂದು ಗೋಕಾಕಕ್ಕೆ ಹೋಗಿ ತೋರಿಸಿಕೊಂಡು ಬಂದರು. ಡಾಕ್ಟರು ಏನೂ ಆಗಿಲ್ಲವೆಂದು ಕಳಿಸಿದರು. ಬಂದವರೇ ಬೋಟಿಗೆ ಹೋಗಿ, ತಿರುಗಿ ಬಂದು, “ಮತ್ತ ಹಂಗ ಕಾಣತೈತಲ್ಲ,” ಅಂದರು. ನಮಗೆ ಯಾರಿಗೂ ತಲೆಬುಡ ತಿಳಿಯದಾಯಿತು.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಮಾವನವರು ತೀರಿಕೊಂಡ ಮೇಲೆ ಗಂಗವ್ವತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳುತ್ತಲೇ ಇರಲಿಲ್ಲ. ಉಣ್ಣು ಅಂದರೆ ಉಣ್ಣುವರು, ಇಲ್ಲದಿದ್ದರೆ ಇಲ್ಲ. ಅಂಥವರು ಆ ಬೇಸಿಗೆಯಲ್ಲಿ ತಾವಾಗಿಯೇ ನಸುಕಿಗೆ ಎದ್ದು ಮುಖ ತೊಳೆದು, ವಿಭೂತಿ ಧರಿಸಿ, ದಂಡೆಯ ಕಡೆ ಹೋಗಿಬರತೊಡಗಿದ್ದರು. ಹಸಿವು ಬಂತು, ಮಾತು ಬಂತು. ಯಾವ ಮದ್ದು ಹಿಡಿಯಿತೋ ಎಂದು ನಾವು ಆಶ್ಚರ್ಯಪಟ್ಟೆವು, ಕೇಳಲು ಹೋಗಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ಮಲಗಿಬಿಡುತ್ತಾರೋ ಎಂಬ ಹೆದರಿಕೆ.

ಒಂದು ಮುಂಜಾನೆ, ಸೋಮವಾರವಲ್ಲದ ದಿನ, ಕಾಕಾ ಮೊದಲ ಬಸ್ಸಿಗೇ ಬಂದಿಳಿದರು. ಮಬ್ಬು ಯಾವ ಹೊತ್ತಿಗೆ ಕೂಡುತ್ತದೆಂದು ನೋಡುವುದಕ್ಕಂತೆ. ನಾನು ಒಲೆ ಹೊತ್ತಿಸುತ್ತಿದ್ದೆ. ಅವರು ಬೋಟಿನ ಕಡೆ ಹೋದರು. ಬೋಟಿಗೆ ಹತ್ತುವ ಹಲಗೆಯ ಮೇಲೆ ಒಂದು ಕಾಲಿಟ್ಟು, ಕೈ ಮುಂದೆ ಚಾಚಿ, ಹಾಗೆಯೇ ನಿಂತದ್ದು ನನಗೆ ಕಾಣುತ್ತಿತ್ತು. ಒಳಗೆ ಹೋಗಲಿಲ್ಲ. ಸದ್ದಿಲ್ಲದೆ ಹಿಂದೆ ಬಂದು ನನ್ನ ಬೆಂಚಿನ ಮೇಲೆ ಕುಳಿತರು. ಕೊಟ್ಟ ಚಹಾ ಆರಿ ಹೋಯಿತು.

“ಕಾಕಾ, ಆರಾಮ ಇಲ್ಲೇನ್ರಿ?” ಅಂದೆ.

“ನನ್ನ ಕಣ್ಣು ಹೋದ್ವು ಯವ್ವಾ,” ಅಂದರು.

ಈರಣ್ಣ ಓಡಿಬಂದರು. ಗೋಕಾಕಕ್ಕೆ ಹೋಗೋಣ, ಈಗಲೇ ಗಾಡಿ ತೆಗೆಯುತ್ತೇನೆ ಅಂದರು. ಕಾಕಾ ಕೈಯಾಡಿಸಿದರು. “ತೋರಿಸೇನಿ. ವಯಸ್ಸಿಂದು ಅಂದ್ರು. ಸರಿಯಾಗಿ ಕಾಣಂಗಿಲ್ಲ, ಅದಕ್ಕ ಜೋರ ತಿಕ್ಕಿ ನಾನ ಕಿಟಕಿ ಕೆಡಸೇನಿ. ಬ್ಯಾರೆ ಹೊಲದು ಕೊಡತೇನಿ. ಆದ್ರ ಇನ್ನ ಮುಂದ ತೊಳಿಯೂದು ನನ್ನ ಕೈಲೆ ಆಗೂದಿಲ್ಲ.”

ಹೇಳಿದಂತೆ ಹೊಸ ಹಾಳೆ ಹೊಲಿದು ತಂದರು. ಕಣ್ಣಿಲ್ಲದವರು ಅಷ್ಟು ನೇರ ಹೊಲಿಗೆ ಹೇಗೆ ಹಾಕಿದರೆಂದು ನನಗೆ ಅನ್ನಿಸದೆ ಇರಲಿಲ್ಲ. ರೂಢಿಯ ಕೈ ಅಂದುಕೊಂಡು ಸುಮ್ಮನಾದೆ. ಕೂಡಿಸಿದ ಮೇಲೆ ಅತ್ತೆಯನ್ನು ಕರೆದು ಧೋತರದ ತುಂಡನ್ನು ಅವರ ಕೈಗಿತ್ತರು.

“ಅಕ್ಕಾರ, ನೀವ ಮಾಡಬೇಕು. ಈರಣ್ಣಗ ತಾಳ್ಮಿ ಇಲ್ಲ, ನಿಮ್ಮ ಸೊಸಿ ತಂಗೆವ್ವಗ ಪುರಸೊತ್ತಿಲ್ಲ.”

ಅತ್ತೆ ಸೆರಗು ಸರಿಮಾಡಿಕೊಂಡರು. “ಬರೇ ನೀರು, ಸೋಪೇನ್ರಿ ಅಣ್ಣಾರ? ಮತ್ತೇನೂ ಹಚ್ಚೂದು ಬ್ಯಾಡ?”

“ಬ್ಯಾಡ್ರಿ. ಇದು ಹೊಸಾ ತರದ್ದು ಬಂದೈತಿ. ಹಳೇದಕ್ಕ ಏನ ಹಚ್ಚಿದ್ರೂ ನಡೀತಿತ್ತು. ಇದು ಬಾಳ ನಾಜೂಕ.”

ನಾನು ಪಕ್ಕದಲ್ಲೇ ಇದ್ದೆ. ಆ ಹಾಳೆ ಹೊಸ ತರದ್ದೇನೂ ಆಗಿರಲಿಲ್ಲ. ಮೊದಲಿನದೇ ಸುರುಳಿಯಲ್ಲಿ ಉಳಿದ ತುಂಡನ್ನು ನಮ್ಮ ಮನೆಯಲ್ಲೇ ಇಟ್ಟಿದ್ದರು, ಅದನ್ನು ನಾನೇ ತೆಗೆದು ಕೊಟ್ಟಿದ್ದೆ. ಮುದುಕರಿಗೆ ಮರೆವು ಕೂಡ ಬಂತೇನೋ ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ಅಲ್ಲಿಂದ ಮುಂದೆ ಕಿಟಕಿಗಳಿಗೆ ಮಬ್ಬು ಹಿಡಿಯಲಿಲ್ಲ. ಕಾಕಾನ ಕಣ್ಣು ಹೋದ ಸುದ್ದಿ ಮಾತ್ರ ನಮ್ಮ ದಂಡೆಯಿಂದ ಹುಕ್ಕೇರಿಗೆ, ಅಲ್ಲಿಂದ ಸಂಕೇಶ್ವರದ ಆಟೋ ನಿಲ್ದಾಣಕ್ಕೆ ಹಬ್ಬಿತು. ಬಾಗಿಲಲ್ಲಿ ಕೈ ಚಾಚಿ ನಡೆಯುವ ಅವರ ಹಳೆಯ ಅಭ್ಯಾಸವೇ ಎಲ್ಲರಿಗೂ ಸಾಕ್ಷಿಯಾಯಿತು. “ನೋಡ್ರಿ, ತಡವರಿಸಿ ನಡ್ಯಾಕತ್ತಾರ,” ಅನ್ನುತ್ತಿದ್ದರು. ಹುಡ್ಡು ಹೊಲಿಸುವವರು ಬೇರೆ ಅಂಗಡಿ ಹಿಡಿದರು. ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರೋ ಅವರ ರಟ್ಟೆ ಹಿಡಿದು ರಸ್ತೆ ದಾಟಿಸುವುದನ್ನು ನಾನೇ ಕಂಡೆ. ಕಾಕಾ ತೆಪ್ಪಗೆ ದಾಟಿಸಿಕೊಂಡರು.

ಮುಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅತ್ತೆ ಮತ್ತು ನಾನು ಜೋಳ ಹಸನು ಮಾಡುತ್ತಾ ಕುಳಿತಿದ್ದೆವು. ಅತ್ತೆ ಸಹಜವಾಗಿ ಹೇಳಿದರು. “ಈ ಹೊಸಾ ಕಿಟಕಿಗೆ ಏನೂ ಹಚ್ಚೂದು ಬ್ಯಾಡ, ಛಲೋ ಐತಿ. ಹಳೇದಕ್ಕ ನಾ ದಿನಾ ಒಲಿ ಬೂದಿ ಹಚ್ಚಿ ತಿಕ್ಕತಿದ್ನಿ, ಕಂದೀಲಿನ ಗಾಜು ತಿಕ್ಕಿದಂಗ. ನಿಮ್ಮ ಮಾವಗ ಕಂದೀಲ ಒಂಚೂರು ಮಸಿ ಇದ್ರೂ ಆಗತಿರಲಿಲ್ಲ.”

ನನ್ನ ಕೈಯಲ್ಲಿನ ಮೊರ ನಿಂತುಹೋಯಿತು. “ಯಾರಿಗೂ ಹೇಳಲೇ ಇಲ್ಲಲ್ರಿ ಅತ್ತಿ.”

“ಹೇಳೂದೇನೈತಿ ಅದರಾಗ? ಯಾರೂ ಬೋಟಿಗೆ ಬರೂದರಾಗ ತಿಕ್ಕಿ, ನೀರ ಹಾಕಿ ಬರತಿದ್ನಿ. ಕಾಕಾ ಒಮ್ಮೆ ನಸುಕಿನ್ಯಾಗ ಬಂದು ಹಲಗಿ ಮ್ಯಾಲ ನಿಂತಿದ್ರು. ಏನೂ ಅನಲಿಲ್ಲ. ಪಾಪ, ಅವರಿಗೆ ಕಂಡಿರಲಿಕ್ಕಿಲ್ಲ.”

ಬೂದಿ. ಧೂಳನ್ನೇ ಉಸುಕು ಅನ್ನುತ್ತಿದ್ದ ಮನುಷ್ಯನ ಕಿಟಕಿಗೆ ದಿನಾ ಬೂದಿ. ಮರುದಿನ ಬಟ್ಟೆ ತರುವ ನೆಪ ಮಾಡಿ ಹುಕ್ಕೇರಿಯ ಬಸ್ಸು ಹತ್ತಿದೆ.

ಕಾಕಾನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅರ್ಧ ಇಳಿಸಿದ ಶಟರಿನ ಕೆಳಗಿನ ಬೆಳಕಿನಲ್ಲಿ ಅವರು ಕುಳಿತಿದ್ದರು. ನಾನು ಬಗ್ಗಿ ಒಳಗೆ ನೋಡುವಾಗ ಸೂಜಿಗೆ ದಾರ ಪೋಣಿಸುತ್ತಿದ್ದರು. ಚಷ್ಮಾ ಇರಲಿಲ್ಲ. ದಾರದ ತುದಿಯನ್ನು ತುಟಿಗೆ ಒತ್ತಿ, ಒಂದೇ ಸಲಕ್ಕೆ ಪೋಣಿಸಿದರು.

“ಕಾಕಾ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ,” ಅಂದೆ.

ಸೂಜಿಯನ್ನು ರೆಕ್ಸಿನ್ನಿಗೆ ಚುಚ್ಚಿ ಇಟ್ಟರು. “ಬಾ, ಕುಂದರು. ಯಾರು ಹೇಳಿದ್ರು?”

“ಅತ್ತಿ ಬೂದಿ ಸುದ್ದಿ ಹೇಳಿದ್ರು. ನೀವು ಅವತ್ತ ನೋಡಿದ್ರಿ ಹೌದಿಲ್ಲ?”

“ನೋಡಿದ್ನಿ. ಹಾಡಕೋಂತ ತಿಕ್ಕಾಕತ್ತಿದ್ರು. ನಿಮ್ಮತ್ತಿ ಹಾಡೂದು ನೀ ಯಾವಾಗರ ಕೇಳೀಯೇನು?”

ಕೇಳಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಒಮ್ಮೆಯೂ ಇಲ್ಲ.

“ನಾ ಬೈಯಾಕಂತನ ಬಾಯಿ ತಗದಿದ್ನಿ,” ಅಂದರು ಕಾಕಾ. “ಹಾಡ ಕೇಳಿ ಬಾಯಿ ಮುಚ್ಚಿದ್ನಿ. ನೀವ ಕೆಡಿಸೀರಿ ಅಂದ್ರ ಆಕೀ ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ಲು. ಸುಮ್ಮನ ಬಿಟ್ರ ಕಿಟಕಿ ಉಳೀತಿರಲಿಲ್ಲ. ಏನ ಹೇಳಬೇಕೋ ತಿಳೀಲಿಲ್ಲ. ಕಣ್ಣು ಹೋದ್ವು ಅಂದುಬಿಟ್ನಿ.”

“ಅದಕ್ಕ ನಿಮ್ಮ ಗಿರಾಕಿ ಎಲ್ಲಾ ಹೋದ್ರಲ್ರಿ.”

“ಅಷ್ಟ ಆಗತೈತಂತ ನನಗೂ ಗೊತ್ತಿರಲಿಲ್ಲ ಯವ್ವಾ. ಒಂದ ಮಾತ ಆಡಿದ್ನಿ, ಊರ ತುಂಬ ಹೋತು. ಈಗ ಕಣ್ಣು ಛಲೋ ಅದಾವ ಅಂದ್ರ ಯಾರೂ ನಂಬಂಗಿಲ್ಲ. ಮುದಕಾ ಅಭಿಮಾನಕ್ಕ ಹೇಳತಾನ ಅಂತಾರ. ನನ್ನ ಮಗಳ ಸೈತ ಆಪರೇಶನ್ ಮಾಡಿಸಿಕೋ ಅಂತ ದಿನಾ ಫೋನ್ ಮಾಡತಾಳ.” ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. ಆಮೇಲೆ ನಗು ನಿಂತಿತು. “ನಾ ಮಾಡಿದ್ದು ಬರೊಬ್ಬರಿನೋ ತಪ್ಪೋ ನನಗೂ ತಿಳದಿಲ್ಲ. ಒಂದೊಂದು ದಿನ ತಪ್ಪ ಅನಸತೈತಿ. ನೀ ಮಾತ್ರ ಆಕೀಗೆ ಹೇಳಬ್ಯಾಡ.”

ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ, ಅತ್ತೆಯನ್ನು ನಾನು ಸಮಾಧಾನ ಮಾಡುತ್ತೇನೆ ಅಂದೆ. ಕಾಕಾ ಬೇಡವೆಂದು ತಲೆಯಾಡಿಸಿದರು. ಹೊರಡುವಾಗ ಕಬ್ಬಿನ ಹಾಲು ತರಿಸಿ ಕುಡಿಸಿದರು. ಅದೇ ಕೊನೆಯ ಭೇಟಿ.

ಮಳೆಗಾಲ ಹಿಡಿಯುವ ಮುನ್ನ ಅವರು ಸಂಕೇಶ್ವರದಲ್ಲಿ ಮಗಳ ಮನೆಯಲ್ಲಿ ಮಲಗಿದಲ್ಲೇ ಹೋದರೆಂದು ಸುದ್ದಿ ಬಂತು. ಈರಣ್ಣ ಅಂತ್ಯಕ್ರಿಯೆಗೆ ಹೋಗಿ ಬಂದರು. ಅಲ್ಲಿ ಕೂಡಿದವರೆಲ್ಲ, ಕಣ್ಣು ಹೋದ ಮೇಲೆ ಮನುಷ್ಯ ಕುಗ್ಗಿಬಿಟ್ಟ ಅಂತಲೇ ಮಾತಾಡುತ್ತಿದ್ದರಂತೆ. ಈರಣ್ಣನಿಗಾದರೂ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಅತ್ತೆ ಅಲ್ಲೇ ಕುಳಿತಿದ್ದರು.

ಅತ್ತೆ ಧೋತರದ ತುಂಡು ಎತ್ತಿಕೊಂಡು ಬೋಟಿಗೆ ಹೋದರು. ನಾನೂ ಹಿಂದೆ ಹೋದೆ. ಕಿಟಕಿಗೆ ನೀರು ಸುರಿಯುತ್ತಾ ನಿಂತರು. ಅದರಾಚೆ ಹಿನ್ನೀರು, ಅದರಾಚೆ ಗುಡ್ಡ, ಮೋಡ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

“ಕಣ್ಣ ಕಾಣದ ಮನಷ್ಯಾ,” ಅಂದರು ಅತ್ತೆ. “ಆದ್ರೂ ನನ್ನ ಕೈ ಸಪ್ಪಳ ಕೇಳೇ, ಜೋರ ಆತ್ರಿ ಅಕ್ಕಾರ, ಹಗುರ ಆತ್ರಿ ಅಂತ ಹೇಳಿ ಕಲಿಸಿದ್ರು. ಒಂದಿಷ್ಟರ ಕಾಣತಿತ್ತೋ ಏನೋ ಅವರಿಗೆ, ಹೌದಿಲ್ಲ?”

ನಾನು ಇನ್ನೊಂದು ಬಕೆಟ್ಟು ನೀರು ತುಂಬಿ ಅವರ ಕೈಗೆ ಕೊಟ್ಟೆ.

“ಇಲ್ರಿ ಅತ್ತಿ,” ಅಂದೆ. “ಏನೂ ಕಾಣತಿರಲಿಲ್ಲ.”